ಒಂದೇ ಸಾಲಿನಲ್ಲಿ ಸಿಕ್ಕಿಬಿದ್ದ ತೊಗರಿ ದರ

ಒಮ್ಮೆ ನಾವು ತೊಗರಿ ದರ ತಪ್ಪು ಬರೆದು ಕಳಿಸಿದ್ದೆವು. ಆ ದಿನದ ಗರಿಷ್ಠ ದರವನ್ನೇ ಮಾರುಕಟ್ಟೆ ದರವೆಂದು ತಿಳಿದಿದ್ದೆವು. ಅದನ್ನು ನಂಬಿ ಮಾಲು ತಂದ ರೈತರು ನಮ್ಮನ್ನು ಬೈದರು. ಬೈದದ್ದು ಸರಿಯೇ. ಅಂದಿನಿಂದ ಮೂಲ ದಾಖಲೆಯನ್ನೇ ತೆಗೆದು ನೋಡುತ್ತೇವೆ. ಆ ದಾಖಲೆ ನಿಮ್ಮ ಫೋನಿಗೆ ಬಂದ ಕಥೆ ಇದು.

ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆ ಮೊದಲು ದರವೆಂದರೆ ಅಡತಿ ಅಂಗಡಿಯವರ ಬಾಯಿಮಾತು. 2000ರಲ್ಲಿ ಕೇಂದ್ರ ಸರ್ಕಾರ ಆಗ್‌ಮಾರ್ಕ್‌ನೆಟ್ ಶುರು ಮಾಡಿತು. ಎಪಿಎಂಸಿಗಳ ಆವಕ, ದರ ಕಂಪ್ಯೂಟರ್ ಸೇರತೊಡಗಿದವು. ಮರುವರ್ಷ ಅಮೆರಿಕದಲ್ಲಿ ಡಗ್ಲಸ್ ಕ್ರಾಕ್‌ಫರ್ಡ್ ಮತ್ತು ಚಿಪ್ ಮಾರ್ನಿಂಗ್‌ಸ್ಟಾರ್ ಮಾಹಿತಿ ಕಳಿಸಲು ಒಂದು ಸರಳ ಬರವಣಿಗೆ ಬಳಸಿದರು. ಅದೇ ಜೇಸನ್. ಹೆಸರು, ನಡುವೆ ಎರಡು ಚುಕ್ಕೆ, ಆಮೇಲೆ ಅದರ ಬೆಲೆ. ಸಂತೆಚೀಟಿಯಂತೆ.

2012ರಲ್ಲಿ ಭಾರತ ಸರ್ಕಾರ ಸಾರ್ವಜನಿಕ ದತ್ತಾಂಶಕ್ಕೆ ಡೇಟಾ.ಗವ್.ಇನ್ ತೆರೆಯಿತು. ಈಗ ಅಲ್ಲಿ ಉಚಿತವಾಗಿ ನೋಂದಾಯಿಸಿದರೆ ದಿನದ ಮಾರುಕಟ್ಟೆ ದರ ಜೇಸನ್ ರೂಪದಲ್ಲಿ ಸಿಗುತ್ತದೆ. ಆದರೆ ತೆರೆದು ನೋಡಿದರೆ ಕಣ್ಣು ಕತ್ತಲೆ: ನೂರಾರು ಊರು, ಬೆಳೆ, ದರ ಎಲ್ಲ ಒಂದೇ ಸಾಲಿನಲ್ಲಿ ಒತ್ತಿಕೊಂಡಿರುತ್ತವೆ.

ಅದೇ 2012ರಲ್ಲಿ ಸ್ಟೀಫನ್ ಡೋಲನ್ ಬರೆದ ಜೆಕ್ಯೂ ಎಂಬ ಪುಟ್ಟ ತಂತ್ರಾಂಶ ಇದಕ್ಕೆ ಮದ್ದು. ಶಹಾಬಾದಿನ ಖಣಿಯಲ್ಲಿ ಪದರು ನೋಡಿ ಫರಸಿ ಎಬ್ಬಿಸುತ್ತಾರಲ್ಲ, ಹಾಗೆ ಇದು ಸಾಲು ಬಿಡಿಸಿ ಇಡುತ್ತದೆ. ಆಂಡ್ರಾಯ್ಡ್ ಫೋನಿನ ಟರ್ಮಕ್ಸ್ ಆ್ಯಪ್‌ನಲ್ಲೂ ನಡೆಯುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಜೆಕ್ಯೂ ಎಂದು ಹೊಡೆದು, ಜಾಗ ಬಿಟ್ಟು ಒಂದು ಚುಕ್ಕೆ, ಮತ್ತೆ ಜಾಗ ಬಿಟ್ಟು ಕಡತದ ಹೆಸರು ಬರೆಯಿರಿ. ಪ್ರತಿ ವಿವರ ಬೇರೆ ಬೇರೆ ಸಾಲಿಗೆ ಇಳಿಯುತ್ತದೆ. 'ಸೆಲೆಕ್ಟ್' ಎಂಬ ಆಜ್ಞೆ ಕೊಟ್ಟು ಸೇಡಂ ಒಂದನ್ನೇ ಆರಿಸಿಕೊಳ್ಳಬಹುದು.

ಒಂದು ಎಚ್ಚರಿಕೆ. ಅಲ್ಲಿ 'ತೊಗರಿ' ಎಂದು ಹುಡುಕಿದರೆ ಏನೂ ಸಿಗದು. 2019ರಲ್ಲಿ ಜಿಐ ಮಾನ್ಯತೆ ಪಡೆದ ನಮ್ಮ ಕಲಬುರಗಿ ತೊಗರಿಯೂ ಅಲ್ಲಿ 'ಅರ್ಹರ್' ಎಂಬ ಹೆಸರಿನಡಿ ಕೂತಿದೆ.

ದರಗಳು ಮೂರು: ಕನಿಷ್ಠ, ಗರಿಷ್ಠ, ಮಾದರಿ. ಹೆಚ್ಚಿನ ಮಾಲು ಹೋದ ದರವೇ ಮಾದರಿ. ಎಲ್ಲವೂ ಕ್ವಿಂಟಲ್ ಲೆಕ್ಕ. ನಾವು ಅಂದು ತಪ್ಪಿದ್ದು ಇಲ್ಲೇ. ವಾಡಿಯಿಂದ ಯಾರಾದರೂ ಫೋನ್ ಮಾಡಿ ದರ ಕೇಳಿದರೆ ಈಗ ಮೂರನ್ನೂ ಹೇಳುತ್ತೇವೆ. ಗಾಡಿ ಹೂಡುವ ಮುಂಚೆ ನೀವೂ ಮೂರನ್ನೂ ಕೇಳಿ.