ಶಾರ್ಟ್‌ಹಾರ್ನ್ ದನಗಳ ವಂಶಾವಳಿಯೂ ಅಂತಃಪ್ರಜನನದ ಅಳತೆಯೂ

1810ರಲ್ಲಿ ಇಂಗ್ಲೆಂಡಿನ ಡರ್ಹಮ್ ಪ್ರಾಂತದ ಕೆಟನ್ ಎಂಬಲ್ಲಿ ಚಾರ್ಲ್ಸ್ ಕಾಲಿಂಗ್ ತನ್ನ ಶಾರ್ಟ್‌ಹಾರ್ನ್ ಮಂದೆಯನ್ನು ಹರಾಜಿಗಿಟ್ಟನು. ಕಾಮೆಟ್ ಎಂಬ ಹೋರಿ 1000 ಗಿನಿಗಳಿಗೆ ಮಾರಾಟವಾಯಿತು. ಬೆಲೆಗಿಂತಲೂ ವಿಸ್ಮಯಕರವಾದುದು ಅದರ ವಂಶ. ಕಾಮೆಟ್‌ನ ತಂದೆ ಫೇವರಿಟ್. ತಾಯಿ ಯಂಗ್ ಫೀನಿಕ್ಸ್. ಈ ತಾಯಿಯಾದರೋ ಫೇವರಿಟ್‌ಗೆ ತನ್ನ ಹೆತ್ತ ತಾಯಿಯಾದ ಫೀನಿಕ್ಸ್‌ಳಲ್ಲಿಯೇ ಹುಟ್ಟಿದ ಮಗಳು. ಸಾಲದೆಂಬಂತೆ ಫೇವರಿಟ್‌ನ ತಂದೆತಾಯಿಗಳೂ ಒಂದೇ ಹೋರಿಯ ಮಕ್ಕಳು!

ಇಂಥ ಸಂಬಂಧಗಳನ್ನು ಜಾರ್ಜ್ ಕೋಟ್ಸ್ 1822ರ ತನ್ನ ವಂಶಾವಳಿ ಗ್ರಂಥದಲ್ಲಿ ದಾಖಲಿಸಿದನು. ತಳಿಯ ಶುದ್ಧತೆಗೆ ಸಾಕ್ಷಿಯಾಗಿ ಬರೆದ ಆ ಗ್ರಂಥವು ಶತಮಾನದ ತರುವಾಯ ಬೇರೊಂದು ಪ್ರಯೋಜನಕ್ಕೆ ಒದಗಿತು. ಅಮೆರಿಕದ ಸೀವಾಲ್ ರೈಟ್ 1922ರಲ್ಲಿ ಅಂತಃಪ್ರಜನನದ ಗುಣಾಂಕವನ್ನು ಪ್ರಕಟಿಸಿದನು. ಒಂದು ಪ್ರಾಣಿಯಲ್ಲಿರುವ ಜೀನಿನ ಎರಡು ಪ್ರತಿಗಳೂ ಒಬ್ಬನೇ ಪೂರ್ವಜನ ಒಂದೇ ಪ್ರತಿಯಿಂದ ಬಂದಿರುವ ಸಂಭಾವ್ಯತೆಯೆಂದು ಇದನ್ನು ಅರ್ಥೈಸಬಹುದು. ಪರಕೀಯ ಮೂಲದ ತಂದೆಗೂ ಅವನ ಮಗಳಿಗೂ ಹುಟ್ಟಿದ ಕರುವಿನಲ್ಲಿ ಇದು 0.25; ಕಾಮೆಟ್‌ನಲ್ಲಿ ಸುಮಾರು 0.47. ರೈಟ್ ಮತ್ತು ಮ್ಯಾಕ್‌ಫೀ ಅವರ ಗಣನೆಯಂತೆ 1920ರ ಶಾರ್ಟ್‌ಹಾರ್ನ್ ತಳಿಗೂ ಫೇವರಿಟ್‌ಗೂ ಇದ್ದ ಸಂಬಂಧ ಸುಮಾರು ಶೇಕಡಾ 55. ಎಂದರೆ ಸಾಮಾನ್ಯವಾದ ತಂದೆಮಕ್ಕಳ ಸಂಬಂಧಕ್ಕಿಂತ ಕಡಿಮೆಯೇನಲ್ಲ.

ಇದರ ಫಲವೇನು? ಕೆಟನ್ನಿನ ಆ ಹರಾಜಿನಲ್ಲಿ ತಾಮಸ್ ಬೇಟ್ಸ್ ಕಾಮೆಟ್‌ನ ಮಗಳಾದ ಡಚೆಸ್ ಎಂಬ ಹಸುವನ್ನು ಕೊಂಡು ತನ್ನದೇ ವಂಶವನ್ನು ಬೆಳೆಸಿದನು. ಹದಿಮೂರು ವರ್ಷ ಅತಿ ನಿಕಟ ಸಂಬಂಧದಲ್ಲಿಯೇ ಸಂತಾನ ಪಡೆದು, ಮುಂದಿನ ಹದಿನೇಳು ವರ್ಷಗಳಲ್ಲಿ ಮೂರು ಸಲ ಹೊರಗಿನ ರಕ್ತವನ್ನು ತಂದನೆಂದೂ, ಇದಕ್ಕೆ ಕಾರಣ ಕುಗ್ಗಿದ ಸಂತಾನಶಕ್ತಿಯೆಂದು ಹೇಳುತ್ತಾರೆಂದೂ ಡಾರ್ವಿನ್ 1868ರಲ್ಲಿ ಬರೆದಿದ್ದಾನೆ. ಬೇಟ್ಸನಿಗಿದ್ದ ಈ ಎಚ್ಚರ ಅವನ ಅಭಿಮಾನಿಗಳಿಗಿರಲಿಲ್ಲ. 1873ರಲ್ಲಿ ನ್ಯೂಯಾರ್ಕ್ ಪ್ರಾಂತದಲ್ಲಿ ಡಚೆಸ್ ವಂಶದ ಒಂದೇ ಹಸು 40,600 ಡಾಲರಿಗೆ ಮಾರಾಟವಾಯಿತು. ಬಂಜೆತನ ಹೆಚ್ಚಿ ಆ ಶುದ್ಧ ವಂಶ ಕೊನೆಗೆ ಅಳಿದೇಹೋಯಿತು. ನಿಕಟ ಪ್ರಜನನವೇ ತಳಿಯನ್ನು ಕೆಡಿಸಿತೆನ್ನುವುದು ಪೂರ್ಣ ಸತ್ಯವಲ್ಲ; ತಳಿಯ ರೂಪ ನೆಲೆಗೊಂಡುದೂ ಅದರಿಂದಲೇ. ಕೇಡು ಬಂದುದು ಹೆಸರಿನ ಮೋಹದಿಂದ ಹೊರಗಿನ ಹೋರಿಗಳಿಗೆ ಬಾಗಿಲು ಮುಚ್ಚಿದುದರಿಂದ.

ಚಿಕ್ಕ ಮಂದೆಗಳಲ್ಲಿ ತಲೆಯೆಣಿಕೆ ನಮ್ಮನ್ನು ವಂಚಿಸುತ್ತದೆ. ನೂರು ಹಸುಗಳಿಗೆ ಒಂದೇ ಹೋರಿಯಿದ್ದಲ್ಲಿ ರೈಟನ ಸೂತ್ರದಂತೆ ಆ ಮಂದೆಯ ಪರಿಣಾಮಕಾರಿ ಸಂಖ್ಯೆ ನಾಲ್ಕನ್ನೂ ಮುಟ್ಟದು. ವಂಶಾವಳಿಗೂ ಒಂದು ಮಿತಿಯುಂಟು: ದಾಖಲೆ ಆರಂಭವಾಗುವ ಪ್ರಾಣಿಗಳನ್ನು ಪರಸ್ಪರ ಸಂಬಂಧವಿಲ್ಲದವೆಂದೇ ಭಾವಿಸಬೇಕಾಗುತ್ತದೆ. ಇಂದು ಡಿಎನ್‌ಎಯಲ್ಲಿ ಎರಡೂ ಪ್ರತಿಗಳು ಏಕರೂಪವಾಗಿರುವ ದೀರ್ಘ ಭಾಗಗಳನ್ನು ನೇರವಾಗಿ ಅಳೆಯುವುದು ಈ ಕಾರಣದಿಂದಲೇ. ಕಾಮೆಟ್‌ನ 0.47 ಕೂಡ ಬರೆದಿಟ್ಟ ಸಂಬಂಧಗಳ ಲೆಕ್ಕ ಮಾತ್ರ.