ಮೆಟ್ಟಿಲು ಬಾವಿಯಿಂದ ಶಾಲೆಯ ನಳದವರೆಗೆ

ಬಾಗಲಕೋಟೆಯಿಂದ ಹುನಗುಂದದ ಕಡೆಗೆ ಹೊರಟರೆ ದಾರಿಯಲ್ಲಿ ಕಮತಗಿ ಸಿಗುತ್ತದೆ. ಮಗ್ಗದ ಸದ್ದಿನ ಊರು. ಮುಂದೆ ಕರದಂಟಿನ ಅಮೀನಗಡ, ಅದರಾಚೆ ಹುನಗುಂದ, ಆಮೇಲೆ ಸೀರೆಯ ಇಳಕಲ್. ಪಟ್ಟದಕಲ್ಲು, ಐಹೊಳೆಗಳನ್ನು ಹಾದುಬರುವ ಮಲಪ್ರಭೆ ಈ ಸೀಮೆಯಲ್ಲೇ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಹೀಗೆ ನದಿ ಇದ್ದೂ ಇದು ನೀರಿಗೆ ಪರದಾಡಿದ ನಾಡು. ಈ ಭಾಗದ ಚರಿತ್ರೆ ಎಂದರೆ ನಮಗೆ ಚಾಲುಕ್ಯರು, ಗುಡಿಗಳು, ರವಿಕೀರ್ತಿಯ ಶಾಸನ. ಇಲ್ಲಿನ ಮಕ್ಕಳು ಎಂಥ ನೀರು ಕುಡಿದು ಬೆಳೆದರು ಎಂಬುದಕ್ಕೂ ಒಂದು ಚರಿತ್ರೆಯಿದೆ. ಅದನ್ನು ಯಾರೂ ಕಲ್ಲಿನಲ್ಲಿ ಕೆತ್ತಿಲ್ಲ, ಆದರೆ ಜನರ ಕಾಲಲ್ಲಿ, ಹಲ್ಲಲ್ಲಿ, ಮೂಳೆಯಲ್ಲಿ ಅದರ ಗುರುತುಗಳು ಉಳಿದಿವೆ.

ಮೊದಲು ಕಾಲಿನ ಕಥೆ. ಕೊಳವೆಬಾವಿ ಬರುವ ಮುಂಚೆ ಬಯಲುಸೀಮೆಯ ಎಷ್ಟೋ ಊರುಗಳು ಕುಡಿಯುತ್ತಿದ್ದದ್ದು ಮೆಟ್ಟಿಲು ಬಾವಿಯ ನೀರನ್ನು. ಕೊಡ ಹಿಡಿದು ಮೆಟ್ಟಿಲಿಳಿದು, ಮೊಣಕಾಲುದ್ದದ ನೀರಿಗೆ ಕಾಲಿಟ್ಟು ತುಂಬಿಕೊಂಡು ಬರಬೇಕು. ನಾರುಹುಳುವಿಗೆ ಇದಕ್ಕಿಂತ ಅನುಕೂಲದ ಏರ್ಪಾಡು ಬೇರೊಂದಿಲ್ಲ. ರೋಗಿಯ ಕಾಲಿನ ಹುಣ್ಣು ನೀರಿಗೆ ತಾಗಿದೊಡನೆ ಹುಳು ಮರಿಗಳನ್ನು ಬಿಡುತ್ತದೆ. ಆ ಮರಿಗಳನ್ನು ಸೈಕ್ಲಾಪ್ಸ್ ಎಂಬ, ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಜಲಜೀವಿ ನುಂಗುತ್ತದೆ. ಅದೇ ನೀರನ್ನು ಕುಡಿದವರ ಮೈಯೊಳಗೆ ಮರಿ ಬೆಳೆಯುತ್ತಾ ಹೋಗಿ, ಸುಮಾರು ಒಂದು ವರ್ಷದ ಮೇಲೆ ಎರಡು ಮೂರು ಅಡಿ ಉದ್ದದ ದಾರದಂಥ ಹುಳುವಾಗಿ ಕಾಲಿನ ಚರ್ಮ ಸೀಳಿಕೊಂಡು ಹೊರಬರುತ್ತದೆ. ಎಳೆದರೆ ತುಂಡಾಗುತ್ತದೆ, ತುಂಡಾದರೆ ಕಾಲು ಬಾತು ಕೀವಾಗುತ್ತದೆ. ಹಾಗಾಗಿ ಒಂದು ಕಡ್ಡಿಗೆ ಸುತ್ತಿ, ದಿನಕ್ಕೆ ಇಷ್ಟಿಷ್ಟೇ ಎಂದು ವಾರಗಟ್ಟಲೆ ಕಾಯುವುದೇ ಔಷಧಿ. ಅಷ್ಟು ದಿನ ದೊಡ್ಡವರಿಗೆ ಹೊಲವಿಲ್ಲ, ಹುಡುಗರಿಗೆ ಶಾಲೆಯಿಲ್ಲ.

1930ರ ದಶಕದಲ್ಲಿ ಮೈಸೂರು ಸಂಸ್ಥಾನದ ವಿ. ಎನ್. ಮೂರ್ತಿ ಮತ್ತು ಡಬ್ಲ್ಯೂ. ಸಿ. ಸ್ವೀಟ್ ಚಿತ್ರದುರ್ಗ ಜಿಲ್ಲೆಯ ಬಾವಿಗಳಲ್ಲಿ ಈ ಹುಳುವಿನ ಬೆನ್ನು ಹತ್ತಿದ್ದರು. ಸೈಕ್ಲಾಪ್ಸ್ ತಿನ್ನುವ ಮೀನುಗಳನ್ನು ಬಾವಿಗೆ ಬಿಟ್ಟು ರೋಗ ತಗ್ಗಿಸಬಹುದೆಂದು ತೋರಿಸಿದ್ದು ಅವರೇ. ಇಂಥ ಸರಳ, ಅಗ್ಗದ ಕೆಲಸಗಳು ನಮ್ಮ ವಿಜ್ಞಾನದ ಪಠ್ಯಗಳಲ್ಲಿ ಯಾಕೆ ಬರುವುದಿಲ್ಲವೋ ತಿಳಿಯದು. ದೇಶಮಟ್ಟದ ನಿರ್ಮೂಲನ ಕಾರ್ಯಕ್ರಮ ಶುರುವಾದದ್ದು 1980ರ ದಶಕದಲ್ಲಿ. ರೋಗವಿದ್ದ ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕವೂ ಇತ್ತು. ಮೆಟ್ಟಿಲು ಬಾವಿಗಳಿಗೆ ಕಟ್ಟೆ ಕಟ್ಟಿ ಅವನ್ನು ಸೇದುವ ಬಾವಿಗಳಾಗಿ ಮಾಡಿದರು, ನೀರಿಗೆ ಔಷಧಿ ಹಾಕಿದರು, ಬಟ್ಟೆಯಲ್ಲಿ ಸೋಸಿ ಕುಡಿಯಿರಿ ಎಂದು ಮನೆಮನೆಗೆ ಹೇಳಿದರು. ಭಾರತದಲ್ಲಿ ಕೊನೆಯ ರೋಗಿ ಕಂಡದ್ದು 1996ರಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ದೇಶ ನಾರುಹುಣ್ಣಿನಿಂದ ಮುಕ್ತವೆಂದು ಘೋಷಣೆಯಾಯಿತು. ಲಸಿಕೆಯಿಲ್ಲದೆ, ಗುಳಿಗೆಯಿಲ್ಲದೆ, ಬರೀ ನೀರು ಕುಡಿಯುವ ರೀತಿ ಬದಲಿಸಿ ಒಂದು ರೋಗವನ್ನು ಓಡಿಸಿದ್ದು ಸಣ್ಣ ಸಾಧನೆಯಲ್ಲ.

ಈ ಗೆಲುವಿನಲ್ಲಿ ದೊಡ್ಡ ಪಾಲು ಜನ ‘ಬೋರಿಂಗ್’ ಎಂದು ಕರೆದ ಕೈಪಂಪಿನದು. ಅದರ ಹುಟ್ಟೂ ನಮಗೆ ದೂರದ್ದಲ್ಲ. ಆಗಿನ ಎರಕದ ಪಂಪುಗಳು ಊರ ಹೆಂಗಸರು ಮಕ್ಕಳೆಲ್ಲ ಜಗ್ಗುವ ಭಾರ ತಾಳದೆ ಮುರಿಯುತ್ತಿದ್ದವು. ಪಕ್ಕದ ಸೊಲ್ಲಾಪುರದಲ್ಲಿ ಗಟ್ಟಿಯಾದ ಉಕ್ಕಿನ ಪಂಪೊಂದು ತಯಾರಾಯಿತು. ಅದನ್ನೇ ಆಧಾರವಾಗಿಟ್ಟುಕೊಂಡು 1970ರ ದಶಕದ ನಡುವೆ ಯುನಿಸೆಫ್ ನೆರವಿನಲ್ಲಿ ‘ಇಂಡಿಯಾ ಮಾರ್ಕ್ 2’ ರೂಪುಗೊಂಡಿತು. 1972ರ ಬರ ಇನ್ನೂ ನೆನಪಿನಲ್ಲಿದ್ದ ಕಾಲ ಅದು. ಕಲ್ಲು ಕೊರೆಯುವ ಯಂತ್ರ ಊರಿಗೆ ಬಂದರೆ ಜಾತ್ರೆಯಂತೆ ಜನ ಸೇರುತ್ತಿದ್ದರು. ಶಾಲೆಯ ಅಂಗಳಕ್ಕೂ ಪಂಪು ಬಂತು. ಒಬ್ಬ ಹುಡುಗ ಜಗ್ಗುವುದು, ಇನ್ನೊಬ್ಬ ಬೊಗಸೆಯೊಡ್ಡುವುದು. ಹುಳುವಿಲ್ಲದ, ಕೆಸರಿಲ್ಲದ, ಕನ್ನಡಿಯಂಥ ನೀರು.

ಆ ಕನ್ನಡಿಯಂಥ ನೀರು ಬಂದದ್ದು ಎಲ್ಲಿಂದ? ಇಳಕಲ್ಲಿನ ಕೆಂಪು ಗ್ರಾನೈಟು ದೇಶವಿದೇಶಕ್ಕೆ ಹೋಗುತ್ತದೆ. ಅಂಥದೇ ಕಲ್ಲಿನ ಬಿರುಕುಗಳಲ್ಲಿ ನಿಂತ ನೀರೇ ಕೊಳವೆಬಾವಿಯ ನೀರು. ಗ್ರಾನೈಟಿನಲ್ಲಿರುವ ಫ್ಲೋರೈಟ್, ಅಪಟೈಟ್, ಬಯೊಟೈಟ್ ಮೊದಲಾದ ಖನಿಜಗಳಿಂದ ಫ್ಲೋರೈಡ್ ಬಿಟ್ಟುಕೊಳ್ಳುತ್ತದೆ. ನೀರು ಕಲ್ಲಿನೊಡನೆ ಎಷ್ಟು ಹೆಚ್ಚು ಕಾಲ ಇದ್ದರೆ ಅಷ್ಟು ಹೆಚ್ಚು. ಮಳೆ ಕಡಿಮೆ, ಬಿಸಿಲು ಹೆಚ್ಚು, ಬಾವಿ ಆಳ ಆದಂತೆ ಫ್ಲೋರೈಡೂ ಏರುವುದು ಸಾಮಾನ್ಯ. ಮೇಲ್ಮೈ ನೀರಿನ ಹುಳುವಿನಿಂದ ತಪ್ಪಿಸಿಕೊಳ್ಳಲು ನೆಲದಾಳಕ್ಕೆ ಇಳಿದವರು ಅಲ್ಲಿ ಕಲ್ಲಿನ ಉಪ್ಪಿಗೆ ಸಿಕ್ಕಿಬಿದ್ದರು. ಕೈಪಂಪು ತಂದವರನ್ನು ಇದಕ್ಕಾಗಿ ಬೈಯುವುದು ನನಗೆ ಸರಿಕಾಣದು. ನಾರುಹುಣ್ಣು, ಕಾಲರಾಗಳು ಎದುರಿಗಿದ್ದಾಗ ಅವರು ಮಾಡಿದ ಲೆಕ್ಕ ತಪ್ಪಲ್ಲ. ಆದರೆ ಆ ಹೊತ್ತಿಗೆ ಫ್ಲೋರೈಡಿನ ವಿಷಯ ಗೊತ್ತೇ ಇರಲಿಲ್ಲ ಎನ್ನುವಂತೆಯೂ ಇಲ್ಲ. ಆಗಿನ ಮದ್ರಾಸ್ ಪ್ರಾಂತದ ನೆಲ್ಲೂರು ಸೀಮೆಯಲ್ಲಿ ಬೆನ್ನು ಬಗ್ಗಿ ಸೆಟೆದುಹೋದ ರೈತರನ್ನು ಪರೀಕ್ಷಿಸಿ ಎಚ್. ಇ. ಶಾರ್ಟ್ ಮತ್ತು ಸಂಗಡಿಗರು ಇದು ನೀರಿನ ಫ್ಲೋರೈಡಿನ ಕೆಲಸವೆಂದು ಬರೆದದ್ದು 1937ರಲ್ಲೇ. ಕೈಪಂಪಿನ ದಶಕಗಳಿಗೆ ಮೂವತ್ತು ನಲವತ್ತು ವರ್ಷ ಮೊದಲು! ಆ ತಿಳಿವಳಿಕೆ ವೈದ್ಯಕೀಯ ಪತ್ರಿಕೆಯಲ್ಲಿ ಉಳಿಯಿತು, ಕೊರೆಯುವ ಯಂತ್ರದ ಜೊತೆ ಪ್ರಯಾಣ ಮಾಡಲಿಲ್ಲ.

ಫ್ಲೋರೈಡಿನ ಕೆಲಸ ನಿಧಾನದ್ದು. ಮಗುವಿನ ಕಾಯಂ ಹಲ್ಲುಗಳು ದವಡೆಯೊಳಗೆ ರೂಪುಗೊಳ್ಳುವುದು ಹುಟ್ಟಿನಿಂದ ಎಂಟು ವರ್ಷದೊಳಗೆ. ಆಗ ಕುಡಿದ ನೀರಿನ ಲೆಕ್ಕ, ಹಲ್ಲು ಮೂಡಿದ ಮೇಲೆ ಬಿಳಿ ಮಚ್ಚೆಯಾಗಿ, ಕಂದು ಗೆರೆಯಾಗಿ ಕಾಣುತ್ತದೆ. ಅಂದರೆ ನಾಲ್ಕನೆಯ, ಐದನೆಯ ತರಗತಿಯ ಗುಂಪು ಫೋಟೊದಲ್ಲಿ ಬಾಯಿ ಮುಚ್ಚಿಕೊಂಡು ನಿಂತ ಹುಡುಗಿಯ ಹಲ್ಲಿಗೆ ಕರೆ ಹತ್ತಿದ್ದು ಅವಳು ಅಂಗನವಾಡಿಯಲ್ಲಿದ್ದಾಗ, ಅಥವಾ ಅದಕ್ಕೂ ಮುಂಚೆ. ಹಲ್ಲುಜ್ಜುವುದಿಲ್ಲ ಎಂದು ಮಾಸ್ತರರು ಬೈದರೆ ಆ ಮಗು ಏನು ಉತ್ತರ ಹೇಳೀತು? ಉಜ್ಜಿದರೆ ಹೋಗುವ ಕರೆಯಲ್ಲ ಅದು. ಇನ್ನೂ ಹೆಚ್ಚು ಫ್ಲೋರೈಡು, ಇನ್ನೂ ಹೆಚ್ಚು ವರ್ಷವಾದರೆ ಮೂಳೆ, ಕೀಲುಗಳ ಸರದಿ.

ಪರಿಹಾರಗಳೂ ಬಂದವು. ನಾಗಪುರದ ನೀರಿ ಸಂಸ್ಥೆ 1970ರ ದಶಕದಲ್ಲಿ ಸ್ಫಟಿಕ, ಸುಣ್ಣ ಬೆರೆಸಿ ಫ್ಲೋರೈಡ್ ತಳಕ್ಕಿಳಿಸುವ ‘ನಲಗೊಂಡ ವಿಧಾನ’ ಕೊಟ್ಟಿತು. ಕಾಗದದ ಮೇಲೆ ಸುಲಭ. ಆದರೆ ಇಂತಿಷ್ಟು ನೀರಿಗೆ ಇಂತಿಷ್ಟು ಸ್ಫಟಿಕ ಎಂದು ದಿನಾ ಅಳೆದು ಹಾಕಿ, ಕೆಸರನ್ನು ಎತ್ತಿ ಚೆಲ್ಲುವವರು ಯಾರು? ಆಮೇಲೆ ಊರೂರಿಗೆ ಶುದ್ಧ ನೀರಿನ ಘಟಕಗಳು ಬಂದವು, ನಾಣ್ಯ ಹಾಕಿದರೆ ಕೊಡ ತುಂಬುತ್ತದೆ. ಯಂತ್ರ ಕೆಟ್ಟು ನಿಂತ ದಿನ ಮತ್ತೆ ಹಳೆಯ ಬೋರಿಂಗೇ ಗತಿ. ಒಟ್ಟಿನಲ್ಲಿ ನದಿಯ ನೀರನ್ನು ಶುದ್ಧಗೊಳಿಸಿ ಕೊಳವೆಯಲ್ಲಿ ತರುವ ಬಹುಗ್ರಾಮ ಯೋಜನೆಗಳೇ ಗಟ್ಟಿ ದಾರಿ. 2019ರ ಜಲ ಜೀವನ ಮಿಷನ್ ಮನೆಮನೆಗೆ ನಳ ಎಂದಿತು. ಮರುವರ್ಷ ಗಾಂಧಿ ಜಯಂತಿಯಂದು ಶಾಲೆ, ಅಂಗನವಾಡಿಗಳಿಗೆ ನಳ ಕೊಡಲು ನೂರು ದಿನದ ಅಭಿಯಾನ ಶುರುವಾಯಿತು.

ನಳ ಬಂದಾಗ ಈ ಚರಿತ್ರೆಗೆ ಮತ್ತೊಂದು ಪಾತ್ರ ಸೇರುತ್ತದೆ: ಸೀಸ. ಫ್ಲೋರೈಡ್ ಕಲ್ಲಿನಿಂದ ಬರುತ್ತದೆ. ನಳದ ನೀರಿನ ಸೀಸ ಬಹುಪಾಲು ಬರುವುದು ಮನುಷ್ಯ ಜೋಡಿಸಿದ ಸಾಮಾನಿನಿಂದ, ಅಂದರೆ ಬೆಸುಗೆ, ಹಿತ್ತಾಳೆಯ ನಳ, ಸೀಸದ ಸ್ಥಿರಕಾರಿ ಬೆರೆಸಿದ ಪಿವಿಸಿ ಪೈಪುಗಳಿಂದ. ಅಮೆರಿಕದ ಫ್ಲಿಂಟ್ ನಗರದಲ್ಲಿ 2014ರಲ್ಲಿ ನೀರಿನ ಮೂಲ ಬದಲಿಸಿ, ಪೈಪು ಸವೆಯದಂತೆ ಹಾಕಬೇಕಾದ ರಾಸಾಯನಿಕ ಹಾಕದೆ, ಹಳೆಯ ಸೀಸದ ಪೈಪುಗಳ ವಿಷ ಮಕ್ಕಳ ರಕ್ತ ಸೇರಿತು. ನಮ್ಮಲ್ಲಿ ಸೀಸದ ಮಾತು ಶುರುವಾದದ್ದು ಬೆಂಗಳೂರಿನಲ್ಲಿ, ನೀರಿನಿಂದಲ್ಲ, ಪೆಟ್ರೋಲಿನಿಂದ. 1999ರಲ್ಲಿ ಜಾರ್ಜ್ ಫೌಂಡೇಶನ್ ದೇಶದ ದೊಡ್ಡ ನಗರಗಳ ಮಕ್ಕಳ ರಕ್ತ ಪರೀಕ್ಷೆಯ ಫಲಿತಾಂಶವನ್ನು ಮುಂದಿಟ್ಟಾಗ ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಸೀಸ ಆಗಿನ ಮಿತಿಯನ್ನು ಮೀರಿತ್ತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಈ ವಿಷಯವನ್ನು ಬಿಡದೆ ಹಿಡಿದರು. 2000ದ ಏಪ್ರಿಲ್‌ನಿಂದ ದೇಶದಲ್ಲಿ ಸೀಸದ ಪೆಟ್ರೋಲ್ ನಿಂತಿತು. ಕುಡಿಯುವ ನೀರಿನಲ್ಲಿ ಲೀಟರಿಗೆ 0.05 ಮಿಲಿಗ್ರಾಂ ಇದ್ದ ಸೀಸದ ಮಿತಿಯನ್ನು ಭಾರತೀಯ ಮಾನಕ 2012ರಲ್ಲಿ 0.01ಕ್ಕೆ ಇಳಿಸಿತು. ಪಿವಿಸಿ ಪೈಪಿನ ಸೀಸ ತಗ್ಗಿಸುವ ನಿಯಮಗಳು ಬಂದದ್ದು 2021ರಲ್ಲಿ. ಅದಕ್ಕೆ ಮೊದಲು ಗೋಡೆ, ನೆಲದೊಳಗೆ ಹೂತ ಪೈಪುಗಳನ್ನು ಯಾರೂ ಅಗೆದು ತೆಗೆದಿಲ್ಲ.

ನಾರುಹುಳು ಕಣ್ಣಿಗೆ ಕಾಣುತ್ತಿತ್ತು. ಫ್ಲೋರೈಡ್ ತಡವಾಗಿಯಾದರೂ ಹಲ್ಲಿನಲ್ಲಿ ಕಾಣುತ್ತದೆ. ಸೀಸಕ್ಕೆ ಬಣ್ಣವಿಲ್ಲ, ರುಚಿಯಿಲ್ಲ. ಮಗುವಿನ ಮಿದುಳಿಗೆ ಅದು ಮಾಡುವ ಹಾನಿ ಪಾಠ ತಲೆಗೆ ಹತ್ತದಿರುವುದಾಗಿ, ಗಮನ ನಿಲ್ಲದಿರುವುದಾಗಿ ತೋರುತ್ತದೆ, ಅದನ್ನು ನಾವು ‘ದಡ್ಡತನ’ ಎಂಬ ಬೇರೆಯೇ ಹೆಸರಿನಿಂದ ಕರೆದು ಮುಂದೆ ಹೋಗುತ್ತೇವೆ. ಕುದಿಸಿದರೆ ಎರಡೂ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಗಟ್ಟಿಯಾಗುತ್ತವೆ. ಫ್ಲೋರೈಡಿಗಾದರೆ ಬಾವಿಯ ನೀರು ಪರೀಕ್ಷಿಸಿದರೆ ಸಾಕು, ಆ ಬಾವಿಯದು ಕುಡಿಯುವವರಿಗೆಲ್ಲ ಅದೇ ಲೆಕ್ಕ. ಸೀಸ ಹಾಗಲ್ಲ. ಮೇಲ್ತೊಟ್ಟಿಯ ನೀರು ಚೊಕ್ಕವಿದ್ದು, ಕೊನೆಯ ಹತ್ತು ಅಡಿ ಪೈಪಿನಲ್ಲಿ, ಒಂದು ನಳದಲ್ಲಿ ಅದು ಸೇರಿಕೊಳ್ಳಬಹುದು. ಪಕ್ಕದ ನಳದಲ್ಲಿ ಇಲ್ಲದೆಯೂ ಇರಬಹುದು. ಅದರಲ್ಲೂ ನೀರು ಪೈಪಿನಲ್ಲಿ ನಿಂತಷ್ಟೂ ಸೀಸ ಹೆಚ್ಚು. ಹಾಗಾಗಿ ಶಾಲೆಯ ನೀರು ಪರೀಕ್ಷಿಸುವವರು ತೊಟ್ಟಿಯಿಂದ ಸೀಸೆ ತುಂಬಿಕೊಂಡು ಹೋದರೆ ಸಾಲದು. ಸೋಮವಾರ ಬೆಳಿಗ್ಗೆ ಗಂಟೆ ಬಾರಿಸುವ ಮುಂಚೆ ಬಂದು, ಎರಡು ರಾತ್ರಿ ಪೈಪಿನಲ್ಲಿ ನಿಂತ ಆ ಮೊದಲ ನೀರನ್ನು, ಮಕ್ಕಳು ಬೊಗಸೆಯೊಡ್ಡುವ ಅದೇ ನಳದಿಂದ ಹಿಡಿಯಬೇಕು.