ಅದೇ ಲಾಗ, ಬೇರೆ ಬೇರೆ ಅಂಗಳ: ಕನ್ನಡನಾಡಿನ ಸಂಚಾರಿ ಕಸರತ್ತು ಪ್ರದರ್ಶನಗಳು

ಒಲಿಂಪಿಕ್ ಮಟ್ಟದ ಜಿಮ್ನಾಸ್ಟ್‌ಗಳು ಅಂಕಪಟ್ಟಿಯನ್ನೂ ತೀರ್ಪುಗಾರರನ್ನೂ ಬದಿಗಿಟ್ಟು, ಬೆಳಕು, ಸಂಗೀತ, ನೃತ್ಯಗಳನ್ನು ಜೊತೆಗೂಡಿಸಿಕೊಂಡು ಊರಿಂದೂರಿಗೆ ಸಾಗಿ, ಟಿಕೆಟ್ ಕೊಂಡು ಬಂದವರೆದುರು ನಡೆಸುವ ಕಸರತ್ತಿನ ಪ್ರದರ್ಶನವು ಕಳೆದ ಅರ್ಧ ಶತಮಾನದಲ್ಲಿ ಅಮೆರಿಕದಲ್ಲಿ ಒಂದು ಉದ್ಯಮವಾಗಿಯೇ ಬೆಳೆದಿದೆ. ಸುತ್ತಲೂ ಮೆಟ್ಟಿಲುಸಾಲಿನ ಆಸನಗಳು, ನಡುವೆ ವಿಶಾಲವಾದ ಬಯಲು ಇರುವ ಒಳಾಂಗಣಕ್ಕೆ ಅರೀನಾ ಎಂಬ ಹೆಸರಿರುವುದರಿಂದ ಇದನ್ನು ಅರೀನಾ ಪ್ರದರ್ಶನವೆಂದು ಕರೆಯುತ್ತಾರೆ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಮನೆಮಾತಾದ ಓಲ್ಗಾ ಕೋರ್ಬುಟ್ ಇದ್ದ ಸೋವಿಯತ್ ತಂಡವು ಮರುವರ್ಷ ಅಮೆರಿಕದಲ್ಲಿ ಪ್ರದರ್ಶನ ಯಾತ್ರೆ ಕೈಗೊಂಡದ್ದು ಈ ಪದ್ಧತಿಗೆ ದೊಡ್ಡ ಚಾಲನೆ ನೀಡಿತು. ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ 2021ರಲ್ಲಿ ಮತ್ತು 2024ರಲ್ಲಿ ಮುನ್ನಡೆಸಿದ ಯಾತ್ರೆಗಳು ಅದರ ಈಚಿನ ರೂಪ. ಕರ್ನಾಟಕದಲ್ಲಿ ಇಂಥ ಪ್ರದರ್ಶನ ಇನ್ನೂ ನೆಲೆಯೂರಿಲ್ಲವಾದರೂ, ಅದರ ಒಂದೊಂದು ಅಂಗವೂ ಇಲ್ಲಿ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಜನರ ಕೈಯಲ್ಲಿ ಬಾಳಿದೆ. ಆ ಚರಿತ್ರೆಯನ್ನು ಕೌಶಲದ ಚರಿತ್ರೆಯೆಂದು ಓದುವುದಕ್ಕಿಂತ, ಕಸರತ್ತು ನಡೆಯುವ ಅಂಗಳ ಯಾರದು ಎಂಬುದರ ಚರಿತ್ರೆಯೆಂದು ಓದುವುದು ಹೆಚ್ಚು ಸರಿ. ಏಕೆಂದರೆ ಬೆನ್ನು ಬಾಗಿಸುವ, ಗಾಳಿಯಲ್ಲಿ ಲಾಗ ಹೊಡೆಯುವ ಒಂದೇ ಬಗೆಯ ಚಲನೆ ಬೀದಿಯಲ್ಲಿ ನಡೆದರೆ ಭಿಕ್ಷೆಯೆಂದೂ, ಅರಮನೆಯಲ್ಲಿ ನಡೆದರೆ ವಿದ್ಯೆಯೆಂದೂ, ಡೇರೆಯಲ್ಲಿ ನಡೆದರೆ ಮನರಂಜನೆಯೆಂದೂ, ಕ್ರೀಡಾಂಗಣದಲ್ಲಿ ನಡೆದರೆ ಸಾಧನೆಯೆಂದೂ ಗಣನೆಗೆ ಬಂದಿದೆ.

ಸಂಚಾರಿ ಕಸರತ್ತಿನ ಅತ್ಯಂತ ಹಳೆಯ ವಾರಸುದಾರರು ಡೊಂಬರು. ಸಂತೆ, ಜಾತ್ರೆ, ಸುಗ್ಗಿ ಮುಗಿದ ಕಣ, ಇವೇ ಅವರ ಸಂಚಾರದ ಪಂಚಾಂಗ. ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದಲ್ಲಿ ಸೇರುವ ದನಗಳ ಜಾತ್ರೆಯಂಥ ದೊಡ್ಡ ಜನಸಂದಣಿಗಳೇ ಇಂಥ ಆಟಗಳಿಗೆ ಬಯಲುಸೀಮೆಯಲ್ಲಿ ಬೇಕಾದ ಪ್ರೇಕ್ಷಕರನ್ನು ಒದಗಿಸುತ್ತಿದ್ದವು. ಎರಡು ಕಡೆ ಬಿದಿರಿನ ಗಳಗಳನ್ನು ಕತ್ತರಿಯಾಕಾರದಲ್ಲಿ ಹೂಡಿ, ನಡುವೆ ಹಗ್ಗ ಬಿಗಿದು, ಅದರ ತುದಿಗಳನ್ನು ನೆಲದ ಗೂಟಗಳಿಗೆ ಕಟ್ಟಿದರೆ ರಂಗ ಸಿದ್ಧವಾಯಿತು. ಕೆಳಗೆ ಡೋಲಿನ ಲಯ ಬದಲಾದಂತೆ ಮೇಲೆ ನಡೆಯುವ ಹುಡುಗಿಯ ಹೆಜ್ಜೆಯೂ ಬದಲಾಗುತ್ತದೆ. ಮೊದಲು ಬರಿಗಾಲಿನಲ್ಲಿ, ಬಳಿಕ ತಲೆಯ ಮೇಲೆ ಚೊಂಬುಗಳನ್ನು ಹೊತ್ತು, ಕೊನೆಗೆ ಹಗ್ಗದ ಮೇಲಿಟ್ಟ ತಟ್ಟೆಯಲ್ಲಿ ಮೊಣಕಾಲೂರಿ ಸರಿಯುತ್ತಾ ಆಕೆ ಕಷ್ಟದ ಮಟ್ಟವನ್ನು ಹಂತಹಂತವಾಗಿ ಏರಿಸುತ್ತಾಳೆ. ಕೈಯಲ್ಲಿ ಅಡ್ಡಲಾಗಿ ಹಿಡಿದ ಉದ್ದನೆಯ ಕೋಲು ಅಲಂಕಾರಕ್ಕಲ್ಲ: ತೂಕವನ್ನು ದೇಹದಿಂದ ದೂರಕ್ಕೆ ಹರಡುವ ಮೂಲಕ ಅದು ವಾಲುವ ವೇಗವನ್ನು ಕುಗ್ಗಿಸಿ, ಸಾವರಿಸಿಕೊಳ್ಳಲು ಒಂದು ಕ್ಷಣದ ಬಿಡುವು ಕೊಡುತ್ತದೆ. ಇದರ ಜೊತೆಗೆ ಗಣೆಯಾಟವೂ ಉಂಟು. ಗಣೆಯೆಂದರೆ ನೆಟ್ಟಗೆ ನಿಲ್ಲಿಸಿದ ಎತ್ತರದ ಬಿದಿರು. ಅದರ ತುದಿಗೆ ಏರಿ, ಹೊಟ್ಟೆಯ ಮೇಲೆ ಭಾರ ಹಾಕಿ ಸುತ್ತುವುದು ಹೆಣ್ಣುಮಕ್ಕಳ ಪಾಲಿನ ಕಸರತ್ತಾಗಿತ್ತು. ತಾಲೀಮು ಮನೆಯೊಳಗೇ, ಎಳವೆಯಿಂದಲೇ ನಡೆಯುತ್ತಿತ್ತು. ಗುರುವೂ ವ್ಯವಸ್ಥಾಪಕನೂ ಹೆತ್ತವರೇ. ಇಷ್ಟು ಪರಿಷ್ಕೃತ ವಿದ್ಯೆಗೆ ಸಮಾಜ ಕೊಟ್ಟ ಪ್ರತಿಫಲ ಹಿಡಿ ಕಾಳು, ಹಳೆಯ ಬಟ್ಟೆ, ಮೇಲೆ ಕೀಳುನೋಟ. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಸಂಪುಟಗಳಲ್ಲಿ ಡೊಂಬರ ಕಸರತ್ತಿನ ವಿವರವಿದೆ. ಆದರೆ ಆ ಕಾಲದ ಆಡಳಿತವು ನೆಲೆಯಿಲ್ಲದೆ ತಿರುಗುವವರನ್ನು ಕಂಡದ್ದು ಕಲಾವಿದರೆಂದಲ್ಲ, 1871ರ ಅಪರಾಧಿ ಬುಡಕಟ್ಟು ಕಾಯ್ದೆ ಹುಟ್ಟಿಸಿದ ಸಂಶಯದ ಕಣ್ಣಿನಿಂದ. ಆ ಕಾಯ್ದೆ ರದ್ದಾಗಲು 1952 ಬರಬೇಕಾಯಿತು.

ಆಸ್ಥಾನದ ಅಂಗಳದಲ್ಲಿ ಚಿತ್ರ ಬೇರೆಯಾಗಿತ್ತು. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸವು ಮಲ್ಲರ ಕಾಳಗವನ್ನು ರಾಜವಿನೋದಗಳಲ್ಲಿ ಒಂದೆಂದು ಎಣಿಸಿ, ಅವರ ತರಬೇತಿಯನ್ನು ವಿವರಿಸುವಾಗ ಕಂಬದ ವ್ಯಾಯಾಮವನ್ನೂ ಪ್ರಸ್ತಾಪಿಸುತ್ತದೆ. ಹಂಪಿಯ ಮಹಾನವಮಿ ದಿಬ್ಬದ ಉಬ್ಬುಶಿಲ್ಪಗಳಲ್ಲಿ ಮಲ್ಲರೂ ನರ್ತಕಿಯರೂ ಸಾಲುಗಟ್ಟಿದ್ದಾರೆ. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್‌ನನ್ನು ಬೆರಗುಗೊಳಿಸಿದ್ದು ಮಾತ್ರ ಮನುಷ್ಯರ ಕಸರತ್ತಿಗಿಂತ ಪಳಗಿದ ಆನೆಗಳ ಆಟ. ಈ ಆಸ್ಥಾನ ಪರಂಪರೆಯ ಕೊಂಡಿ ಮೈಸೂರು ದಸರೆಯಲ್ಲಿ ಇಂದಿಗೂ ಕಳಚಿಲ್ಲ. ಬನ್ನಿಮಂಟಪದ ಪಂಜಿನ ಕವಾಯತಿನಲ್ಲಿ ಸೇನೆಯ ಬೈಕ್ ಸವಾರರು ನಡೆಸುವ ಸಾಹಸವು ಸ್ವರೂಪದಲ್ಲಿ ಪೂರ್ತಿ ಅರೀನಾ ಪ್ರದರ್ಶನವೇ.

ಮೈಸೂರು ಸಂಸ್ಥಾನದ ಪಾತ್ರ ದಸರೆಗಿಂತ ದೊಡ್ಡದು; ಈ ಚರಿತ್ರೆಯ ಹೆಚ್ಚು ಕುತೂಹಲದ ಅಧ್ಯಾಯವೂ ಅದೇ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಟಿ. ಕೃಷ್ಣಮಾಚಾರ್ಯರು 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಆರಂಭಿಸಿದ ಯೋಗಶಾಲೆಗೆ ದೊರೆತದ್ದು ಅದಕ್ಕೂ ಮೊದಲು ವ್ಯಾಯಾಮಕ್ಕೆ ಬಳಕೆಯಾಗುತ್ತಿದ್ದ ಸಭಾಂಗಣ. ಅಲ್ಲಿ ಕಲಿತ ಹುಡುಗರನ್ನು ಕರೆದುಕೊಂಡು ಅವರು ಊರೂರು ಸುತ್ತಿ, ಉಪನ್ಯಾಸದೊಂದಿಗೆ ಆಸನಗಳ ಪ್ರಾತ್ಯಕ್ಷಿಕೆ ನೀಡುತ್ತಿದ್ದರು. ಪ್ರಾತ್ಯಕ್ಷಿಕೆಯೆಂದರೆ ವಿದ್ಯೆಯನ್ನು ದೇಹದ ಮೂಲಕವೇ ಮಾಡಿ ತೋರಿಸುವುದು. ಯೋಗಶಾಲೆಗೂ ಮೊದಲೇ, 1927ರಲ್ಲಿ, ಹಾಸನದ ಜುಬಿಲಿ ಹಾಲ್‌ನಲ್ಲಿ ಕೃಷ್ಣಮಾಚಾರ್ಯರ ಪ್ರಾತ್ಯಕ್ಷಿಕೆಯನ್ನು ನೋಡಿದ ಕೌಶಿಕ ಗ್ರಾಮದ ಹುಡುಗನೊಬ್ಬ ಅವರ ಶಿಷ್ಯನಾದ. ಆತನೇ ಮುಂದೆ ಜಗತ್ಪ್ರಸಿದ್ಧರಾದ ಕೆ. ಪಟ್ಟಾಭಿ ಜೋಯಿಸ್. ಬಿ.ಕೆ.ಎಸ್. ಅಯ್ಯಂಗಾರ್ ಅವರೂ ಇಂಥ ಯಾತ್ರೆಗಳಲ್ಲಿ ಕಠಿಣ ಆಸನಗಳನ್ನು ಮಾಡಿ ತೋರಿಸಿದವರು, ಹಾಗೂ 1937ರಲ್ಲಿ ಪುಣೆಗೆ ಹೋಗಿ ನೆಲೆಸಿದವರು. ಮೈಸೂರಿನ ಆಸನಕ್ರಮಕ್ಕೂ ಅರಮನೆಯ ವ್ಯಾಯಾಮ ಪರಂಪರೆಗೂ ನಂಟಿತ್ತೆಂದು ವಿದ್ವಾಂಸ ಎನ್.ಇ. ಶೋಮನ್ 1996ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ಅದಕ್ಕೆ ಅವರು ಆಧಾರವಾಗಿ ಹಿಡಿದದ್ದು 1896ರಷ್ಟು ಹಿಂದೆಯೇ ಅಚ್ಚಾಗಿದ್ದ ವ್ಯಾಯಾಮದೀಪಿಕೆ ಎಂಬ ಕೈಪಿಡಿಯನ್ನು. ಪರಂಪರೆಯ ಶಿಷ್ಯವರ್ಗಕ್ಕೆ ಈ ವಾದ ರುಚಿಸಿಲ್ಲ. ವಾದ ಏನೇ ಇರಲಿ, ಪ್ರದರ್ಶನದ ವ್ಯಾಕರಣ ಮಾತ್ರ ಸ್ಪಷ್ಟ: ಗುರುವಿನ ವಿವರಣೆ, ಸುಲಭದಿಂದ ಕಠಿಣಕ್ಕೆ ಏರುವ ಕ್ರಮ, ಪ್ರೇಕ್ಷಕರ ಉಸಿರು ಬಿಗಿಹಿಡಿಸುವ ಕೊನೆಯ ಭಂಗಿ. ಡೊಂಬರ ಆಟದಲ್ಲಿಯೂ ಇದ್ದದ್ದು ಇದೇ. ಒಂದರ ಕೊನೆಗೆ ತಟ್ಟೆ ಹಿಡಿದು ಸುತ್ತಬೇಕಿತ್ತು, ಇನ್ನೊಂದರ ಹಿಂದೆ ಮಹಾರಾಜರ ಬೊಕ್ಕಸವಿತ್ತು. ಇದೇ ಕಾಲದಲ್ಲಿ ಬೆಂಗಳೂರಿನಲ್ಲಿ ಕೆ.ವಿ. ಅಯ್ಯರ್ ಅವರು ಹರ್ಕ್ಯುಲಿಸ್ ವ್ಯಾಯಾಮಶಾಲೆಯ ಮೂಲಕ ಅಂಗಸೌಷ್ಠವವನ್ನೇ ನೋಡತಕ್ಕ ವಸ್ತುವಾಗಿಸಿದರು.

ಡೇರೆಯ ಅಂಗಳ ಹೊರಗಿನಿಂದ ಬಂತು. ಮಹಾರಾಷ್ಟ್ರದ ಕುರುಂದವಾಡ ಸಂಸ್ಥಾನದಲ್ಲಿ ಕುದುರೆ ಪಳಗಿಸುತ್ತಿದ್ದ ವಿಷ್ಣುಪಂತ ಛತ್ರೆ, ಇಟಲಿಯ ಕಿಯಾರಿನಿಯ ಸರ್ಕಸ್ ಮುಂಬೈಗೆ ಬಂದುಹೋದ ಬೆನ್ನಿಗೇ, 1880ರಲ್ಲಿ ಗ್ರೇಟ್ ಇಂಡಿಯನ್ ಸರ್ಕಸ್ ಕಟ್ಟಿದರು. ಆ ತಂಡ ಕೇರಳದ ತಲಶ್ಶೇರಿಗೆ ಬಂದಾಗ ಅಲ್ಲಿನ ಕಳರಿ ಗುರು ಕೀಲೇರಿ ಕುಂಞಿಕಣ್ಣನ್ ಅವರೊಂದಿಗೆ ಬೆಳೆದ ಒಡನಾಟದ ಫಲವಾಗಿ 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ಅಲ್ಲೊಂದು ಸರ್ಕಸ್ ಶಾಲೆ ತಲೆಯೆತ್ತಿತು. ಮುಂದೆ ಕರ್ನಾಟಕದ ಊರುಗಳಲ್ಲಿ ಡೇರೆ ಹಾಕಿದ ಹೆಸರಾಂತ ಕಂಪನಿಗಳ ಕಲಾವಿದರಲ್ಲಿ ಬಹಳ ಮಂದಿ ಆ ನೆಲದವರು. 1951ರಲ್ಲಿ ಆರಂಭವಾದ ಜೆಮಿನಿ ಸರ್ಕಸ್‌ನ ಒಡೆಯ ಶಂಕರನ್ ಅವರೂ ಆ ಪರಂಪರೆಯವರೇ. ಸರ್ಕಸ್ಸಿನ ಆಕರ್ಷಣೆ ಎರಡು ಕಾಲುಗಳ ಮೇಲೆ ನಿಂತಿತ್ತು: ಪ್ರಾಣಿಗಳು ಮತ್ತು ಟ್ರಪೀಜ್. ಟ್ರಪೀಜ್ ಎಂದರೆ ಎತ್ತರದಿಂದ ಇಳಿಬಿಟ್ಟ ತೂಗುಸರಳು; ಒಬ್ಬರು ಅದರಿಂದ ಕೈಬಿಟ್ಟು ಲಾಗ ಹೊಡೆದು, ಎದುರಿನ ಸರಳಿಗೆ ಮೊಣಕಾಲು ಸಿಕ್ಕಿಸಿ ತಲೆಕೆಳಗಾಗಿ ತೂಗುತ್ತಿರುವವರ ಕೈ ಹಿಡಿಯುತ್ತಾರೆ. ಹಿಡಿಯುವವರ ಕೆಲಸ ಹಾರುವವರದಕ್ಕಿಂತ ಕಡಿಮೆಯದಲ್ಲ, ಆದರೆ ಚಪ್ಪಾಳೆಯೆಲ್ಲ ಹಾರುವವರಿಗೆ.

ಡೇರೆಯ ಇಳಿಗಾಲಕ್ಕೆ ದೂರದರ್ಶನವನ್ನು ಮಾತ್ರ ದೂರುವುದು ವಾಡಿಕೆಯಾದರೂ ಅದು ಅರ್ಧ ಸತ್ಯ. 1981ರ ಫೆಬ್ರುವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಹೊತ್ತಿ 90ಕ್ಕೂ ಹೆಚ್ಚು ಜನ, ಅವರಲ್ಲಿ ಬಹುಪಾಲು ಮಕ್ಕಳು, ಬಲಿಯಾದ ದುರಂತವು ಬಟ್ಟೆಯ ಚಾವಣಿಯ ಕೆಳಗೆ ಸಾವಿರಾರು ಜನರನ್ನು ಕೂರಿಸುವುದರ ಅಪಾಯವನ್ನು ತೋರಿಸಿತು. ಹುಲಿ, ಸಿಂಹ, ಕರಡಿ, ಕೋತಿಗಳ ಬಳಕೆಗೆ ಕೇಂದ್ರ ಸರ್ಕಾರ ಹಾಕಿದ ತಡೆಯನ್ನು ಸುಪ್ರೀಂ ಕೋರ್ಟ್ 2001ರಲ್ಲಿ ಎತ್ತಿಹಿಡಿಯಿತು. ಸರ್ಕಸ್ಸಿನಲ್ಲಿ ಮಕ್ಕಳನ್ನು ದುಡಿಸುವುದಕ್ಕೆ ಅದೇ ನ್ಯಾಯಾಲಯ 2011ರಲ್ಲಿ ತೆರೆ ಎಳೆಯಿತು. ಎರಡೂ ನ್ಯಾಯವೇ. ಆದರೆ ಪ್ರಾಣಿಗಳು ಹೋದ ಮೇಲೆ ಪ್ರದರ್ಶನದ ಪೂರ್ತಿ ಭಾರ ಮನುಷ್ಯದೇಹದ ಮೇಲೆ ಬಿತ್ತು, ಎಳವೆಯಿಂದಲೇ ಆ ದೇಹವನ್ನು ತಯಾರು ಮಾಡುತ್ತಿದ್ದ ಹಳೆಯ ದಾರಿ ಮುಚ್ಚಿತು, ಹೊಸ ದಾರಿ ತೆರೆಯುವ ಹೊಣೆಯನ್ನು ಯಾರೂ ಹೊರಲಿಲ್ಲ.

ಆ ಕೊರತೆಯನ್ನು ಕರ್ನಾಟಕದಲ್ಲಿ ಒಂದಿಷ್ಟು ತುಂಬಿದ್ದು ಶಾಲೆಯ ಅಂಗಳ, ಅದೂ ಮಲ್ಲಕಂಬದ ಮೂಲಕ. ನೆಲದಲ್ಲಿ ಹೂತ, ಮೇಲೆ ಹೋದಂತೆ ಸಪೂರವಾಗುವ ಮರದ ಕಂಬಕ್ಕೆ ಹರಳೆಣ್ಣೆ ಸವರಿ, ತೊಡೆಸಂದು, ಕಂಕುಳು, ಕಾಲ್ಬೆರಳುಗಳ ಹಿಡಿತದಲ್ಲೇ ಏರಿ ಭಂಗಿ ಕಟ್ಟುವ ಈ ಕಸರತ್ತನ್ನು ಪೇಶ್ವೆ ಎರಡನೆಯ ಬಾಜಿರಾಯನ ಕಾಲದಲ್ಲಿ ಬಾಳಂಭಟ್ಟ ದೇವಧರ್ ಪುನರುಜ್ಜೀವನಗೊಳಿಸಿದರೆಂಬುದು ಪ್ರಸಿದ್ಧ. ಎಣ್ಣೆ ಜಾರಿಸುವುದಕ್ಕಲ್ಲ, ಚರ್ಮ ಉಜ್ಜಿ ಸುಲಿಯದಿರಲಿ ಎಂಬುದಕ್ಕೆ. ಹಿಡಿತ ಬರಬೇಕಾದದ್ದು ಸ್ನಾಯುವಿನಿಂದ. ಗದಗ ಜಿಲ್ಲೆಯ ಲಕ್ಷ್ಮೇಶ್ವರ, ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಗಳು ಈ ಕಲೆಗೆ ಹೆಸರಾದವು. ಮೂಡುಬಿದಿರೆಯಲ್ಲಿ ಡಾ. ಎಂ. ಮೋಹನ ಆಳ್ವರು ಕಟ್ಟಿದ ಶಿಕ್ಷಣ ಸಂಸ್ಥೆಯ ವಿದ್ಯಾರ್ಥಿಗಳು ಮಲ್ಲಕಂಬವನ್ನೂ ಹಗ್ಗದ ಕಸರತ್ತನ್ನೂ ನೃತ್ಯಗಳೊಂದಿಗೆ ಬೆಸೆದು ‘ಆಳ್ವಾಸ್ ಸಾಂಸ್ಕೃತಿಕ ವೈಭವ’ ಎಂಬ ಹೆಸರಿನಲ್ಲಿ ಊರಿಂದೂರಿಗೆ ಒಯ್ಯುತ್ತಾರೆ. ಬೆಳಕಿನ ವಿನ್ಯಾಸ, ಧ್ವನಿಮುದ್ರಿತ ಸಂಗೀತ, ಬಯಲಲ್ಲಿ ಕಟ್ಟಿದ ಭಾರಿ ವೇದಿಕೆ, ಸಾವಿರಾರು ಕುರ್ಚಿಗಳು ಇರುವ ಇದು ಕನ್ನಡನಾಡಿನ ಪ್ರೇಕ್ಷಕರು ಕಂಡಿರುವ ಸಂಚಾರಿ ಅರೀನಾ ಪ್ರದರ್ಶನಕ್ಕೆ ಅತ್ಯಂತ ಹತ್ತಿರದ ರೂಪ. ಕೆನಡಾದ ಸರ್ಕ್ ದು ಸೊಲೇ ಕಂಪನಿ 2018ರಲ್ಲಿ ‘ಬಝಾರ್’ ಪ್ರದರ್ಶನವನ್ನು ಮುಂಬೈ ಮತ್ತು ದೆಹಲಿಗೆ ತಂದಾಗ ಅದರಲ್ಲಿಯೂ ಮಲ್ಲಕಂಬಕ್ಕೆ ಸ್ಥಾನವಿತ್ತು. ಆ ಯಾತ್ರೆ ಬೆಂಗಳೂರನ್ನು ಮುಟ್ಟಲಿಲ್ಲ. ಖೇಲೋ ಇಂಡಿಯಾ ಕ್ರೀಡಾಕೂಟಕ್ಕೆ ಸೇರ್ಪಡೆಯಾದ ಮೇಲೆ ಮಲ್ಲಕಂಬಕ್ಕೆ ಅಂಕ, ನಿಯಮ, ಪದಕಗಳ ಗೌರವ ದೊರೆತಿದೆ. ಡೊಂಬರ ಹಗ್ಗಕ್ಕೆ ಅಂಥ ಭಾಗ್ಯ ಬಂದಿಲ್ಲ. ಅದರ ಹಿಂದಿರುವ ಕಾರಣ ಕೌಶಲದ ಏರುಪೇರಲ್ಲ, ಜಾತಿ ಮತ್ತು ವಿಳಾಸ.

ಇನ್ನು ಆಧುನಿಕ ಜಿಮ್ನಾಸ್ಟಿಕ್ಸ್. 1951ರಲ್ಲಿ ರಾಷ್ಟ್ರೀಯ ಫೆಡರೇಷನ್ ಸ್ಥಾಪನೆಯಾದರೂ, ಸಾಮಾನ್ಯ ಜನ ಈ ಕ್ರೀಡೆಯತ್ತ ತಿರುಗಿ ನೋಡಿದ್ದು ಆಶಿಶ್ ಕುಮಾರ್ 2010ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಪದಕ ಗೆದ್ದಾಗ ಮತ್ತು ತ್ರಿಪುರಾದ ದೀಪಾ ಕರ್ಮಾಕರ್ 2016ರ ರಿಯೋ ಒಲಿಂಪಿಕ್ಸ್‌ನ ವಾಲ್ಟ್ ವಿಭಾಗದಲ್ಲಿ ನಾಲ್ಕನೆಯವರಾದಾಗ. ವಾಲ್ಟ್ ಎಂದರೆ ಓಡಿಬಂದು, ಮೇಜಿನಂಥ ಸಾಧನಕ್ಕೆ ಕೈಯೂರಿ ಚಿಮ್ಮಿ, ಪಲ್ಟಿ ಹೊಡೆದು ಕಾಲೂರುವ ವಿಭಾಗ. ಟಿಕೆಟ್ ಮಾರಿಸಬಲ್ಲ ತಾರೆಯರು ಹೀಗೆ ಬೆರಳೆಣಿಕೆಯಷ್ಟು ಇರುವುದು ಭಾರತದಲ್ಲಿ ಇಂಥ ಯಾತ್ರೆ ಕುದುರದಿರಲು ಮೊದಲ ಕಾರಣ. ಎರಡನೆಯದು ಜಾಗದ ಲೆಕ್ಕ. ಆಧುನಿಕ ಸರ್ಕಸ್ಸಿಗೆ ರೂಪ ಕೊಟ್ಟ ಲಂಡನ್ನಿನ ಫಿಲಿಪ್ ಆಸ್ಟ್ಲಿಯ ಕಾಲದಿಂದ ಸರ್ಕಸ್ಸಿನ ದುಂಡನೆಯ ಅಂಗಳ, ಅಂದರೆ ರಿಂಗ್, 42 ಅಡಿ, ಅಂದರೆ ಸುಮಾರು 13 ಮೀಟರ್ ವ್ಯಾಸಕ್ಕೆ ನಿಂತುಬಿಟ್ಟಿದೆ. ಅದು ಓಡುವ ಕುದುರೆಗೆ ಹೊಂದುವ ಅಳತೆ. ಜಿಮ್ನಾಸ್ಟ್‌ಗಳ ನೆಲಹಾಸು 12 ಮೀಟರ್ ಚೌಕ. ಸಾಲು ಪಲ್ಟಿಗಳಿಗೆ ಅವರು ಬಳಸುವುದು ಅದರ ಕರ್ಣವನ್ನು, ಅಂದರೆ ಸುಮಾರು 17 ಮೀಟರ್ ಓಟವನ್ನು. ರಿಂಗಿನೊಳಗೆ ಅದು ಹಿಡಿಯುವುದಿಲ್ಲ. ನೆಲಹಾಸಿನ ಅಡಿಯಲ್ಲಿ ಸ್ಪ್ರಿಂಗ್‌ಗಳ ಚೌಕಟ್ಟು ಬೇಕು, 5 ಮೀಟರ್ ಉದ್ದ 10 ಸೆಂಟಿಮೀಟರ್ ಅಗಲದ ಬೀಮ್ ಎಂಬ ಸಮತೋಲನದ ತೊಲೆ ಅಲುಗದೆ ನಿಲ್ಲಬೇಕು, ವಾಲ್ಟ್‌ನ ಓಟದ ಪಟ್ಟಿಗೆ 25 ಮೀಟರ್ ಬೇಕು, ಕೈಯಲ್ಲಿ ಹಿಡಿದು ತೂಗುವ ರಿಂಗ್ಸ್ ಎಂಬ ಜೋಡಿ ಬಳೆಗಳನ್ನು ತೂಗುಹಾಕಲು ಎತ್ತರದ ಚೌಕಟ್ಟು ಬೇಕು. ನಾಲ್ಕು ಗಳ, ಒಂದು ಹಗ್ಗ, ಒಂದು ಡೋಲು ಹೊತ್ತು ಬೆಳಗ್ಗೆ ಒಂದೂರಲ್ಲಿ ಸಂಜೆ ಇನ್ನೊಂದೂರಲ್ಲಿ ಆಡುತ್ತಿದ್ದವರ ಸಂಚಾರಕ್ಕೂ, ಲಾರಿಗಟ್ಟಲೆ ಸಾಮಾನು ಇಳಿಸಿ ಅಳತೆ ನೋಡಿ ಜೋಡಿಸಬೇಕಾದ ಈ ಸಂಚಾರಕ್ಕೂ ಇರುವ ಅಂತರ ಇದು.

ಆದ್ದರಿಂದ ದೊಡ್ಡಬಳ್ಳಾಪುರ ತಾಲ್ಲೂಕಿನ ಬಾಶೆಟ್ಟಿಹಳ್ಳಿಯಂಥ ಊರಿನ ಪಾಲಿಗೆ ಈ ವಿಕಾಸವು ಹತ್ತಿರ ಬರುವ ಬದಲು ದೂರ ಸರಿದಿದೆ. ಬೆಂಗಳೂರು–ದೊಡ್ಡಬಳ್ಳಾಪುರ ರಸ್ತೆಯ ಇಕ್ಕೆಲದಲ್ಲಿ ಕಾರ್ಖಾನೆಗಳು ಬೆಳೆದು ಊರು ಪಟ್ಟಣ ಪಂಚಾಯಿತಿಯಾಗಿದೆ. ಪಾಳಿಯಲ್ಲಿ ದುಡಿಯುವ ಸಾವಿರಾರು ಜನರ, ಅವರ ಮಕ್ಕಳ ರೂಪದಲ್ಲಿ ಪ್ರೇಕ್ಷಕರಿಗೆ ಇಲ್ಲಿ ಕೊರತೆಯಿಲ್ಲ. ಬಯಲಿಗೆ ಮಾತ್ರ ಬೆಲೆ ಬಂದಿದೆ, ಬೆಲೆ ಬಂದ ಬಯಲಿಗೆ ಬೇಲಿ ಬಂದಿದೆ. ಅಂತರರಾಷ್ಟ್ರೀಯ ಅಳತೆಯ ಉಪಕರಣಗಳನ್ನು ಹೂಡಬಲ್ಲ ಒಳಾಂಗಣ ಬೇಕೆಂದರೆ ಬೆಂಗಳೂರಿನ ನಡುವಿನ ಕಂಠೀರವದಂಥ ಕ್ರೀಡಾಂಗಣಕ್ಕೇ ಹೋಗಬೇಕು. ನಾಳೆ ಅಂಥದೊಂದು ಯಾತ್ರೆ ಬೆಂಗಳೂರಿಗೆ ಬಂದರೂ, ರಾತ್ರಿ ಪಾಳಿಗೆ ಹೊರಡಬೇಕಾದ ಕಾರ್ಮಿಕನ ಕುಟುಂಬವು ಸಂಜೆಯ ವಾಹನ ದಟ್ಟಣೆಯಲ್ಲಿ ಯಲಹಂಕ, ಹೆಬ್ಬಾಳಗಳನ್ನು ದಾಟಿ ಅಲ್ಲಿಗೆ ಹೋಗಿಬರುವ ಖರ್ಚು ಟಿಕೆಟ್ಟಿನ ಜೊತೆಗೇ ಲೆಕ್ಕಕ್ಕೆ ಬರುತ್ತದೆ.